ಕೆರೆಯ ಹಸಿರು ಮತ್ತು ನಮ್ಮ ಹನ್ನೆರಡು ಸಾಲಿನ ಎಕ್ಸೆಲ್ ಶೀಟು

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. ಕೆಲಸ, ರಿಲೀಸು, ಅದು ಇದು ಅಂತ ಸಬೂಬು ಹೇಳಬಹುದು. ನಿಜ ಹೇಳಬೇಕಂದ್ರೆ ಒಂದು ಅವಮಾನದ ಕಥೆ ಬರೆಯೋದಿತ್ತು, ಅದಕ್ಕೇ ಕೈ ಬರ್ತಿರಲಿಲ್ಲ. ಇವತ್ತು ಭಾನುವಾರ, ಕರೆಂಟೂ ಇದೆ, ಬರೆದೇಬಿಡ್ತೀನಿ.

ಹೋದ ವರ್ಷ ಆಫೀಸಿನ ನಾಲ್ಕು ಜನ ಸೇರಿ ಒಂದು ಹ್ಯಾಕಥಾನ್‌ಗೆ ಹೋಗಿದ್ವಿ. ವಿಷಯ 'ನಗರ ಮತ್ತು ನೀರು'. ನಾವು ಮಾಡಿದ್ದು, ಕೆರೆಯಲ್ಲಿ ವಿಷಪಾಚಿ ಉಕ್ಕುವ ಅಪಾಯವನ್ನು ಮೊದಲೇ ಹೇಳುವ ಆಪ್. ಕೆರೆಯ ಹೆಸರು ಒತ್ತಿದರೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಬರುತ್ತೆ. ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ 'ನಿಖರತೆ 92%' ಅಂತ ಹಾಕಿದ್ವಿ. ಎರಡನೇ ಬಹುಮಾನ ಬಂತು. ಚಪ್ಪಾಳೆ, ಫೋಟೋ, ಲಿಂಕ್ಡ್‌ಇನ್ನಲ್ಲಿ ಒಂದು ಪೋಸ್ಟು, ಅಮ್ಮನಿಗೆ ವಾಟ್ಸಾಪು. ಎಲ್ಲಾ ಆಯ್ತು.

ಕೆಳಗಿಳಿದು ಕಾಫಿ ಕುಡೀತಿದ್ದಾಗ ಒಬ್ಬ ಹಿರಿಯರು ಬಂದರು. ನಮ್ಮ ಪಟ್ಟಿಯಲ್ಲಿದ್ದ ಒಂದು ಕೆರೆಯ ಸುತ್ತ ದಿನಾ ಬೆಳಿಗ್ಗೆ ವಾಕಿಂಗ್ ಮಾಡೋರಂತೆ. ಬಹಳ ಮೆತ್ತಗೆ ಕೇಳಿದರು, "ಮಗೂ, ಆ ಕೆರೆ ಯಾವ ಯಾವ ದಿನ ಹಸಿರಾಗಿತ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕಂದ್ರೆ ನಮಗೆ ಗೊತ್ತೇ ಇರಲಿಲ್ಲ. ನಮ್ಮ ಹತ್ತಿರ ಇದ್ದದ್ದು ತಿಂಗಳಿಗೊಮ್ಮೆ ತೆಗೆದ ನೀರಿನ ವರದಿ. ಅಂದ್ರೆ ಒಂದು ಕೆರೆಗೆ ವರ್ಷಕ್ಕೆ ಹನ್ನೆರಡು ಸಾಲು, ಅದರಲ್ಲೂ ಎರಡು ಮೂರು ಖಾಲಿ. ಪಾಚಿ ಇತ್ತೋ ಇಲ್ಲವೋ ಅನ್ನೋ ಕಾಲಮ್ಮೇ ಇರಲಿಲ್ಲ. ಕರಗಿದ ಆಮ್ಲಜನಕ ಇಷ್ಟಕ್ಕಿಂತ ಕಡಿಮೆ, ಫಾಸ್ಫೇಟ್ ಇಷ್ಟಕ್ಕಿಂತ ಜಾಸ್ತಿ ಇದ್ದರೆ 'ಪಾಚಿ ಇದೆ' ಅಂತ ನಾವೇ ಒಂದು ರೂಲ್ ಬರೆದು, ಅದನ್ನೇ ಸತ್ಯ ಅಂದುಕೊಂಡು, ಆ ಸತ್ಯವನ್ನು ಕಂಡುಹಿಡಿ ಅಂತ ನ್ಯೂರಲ್ ನೆಟ್‌ವರ್ಕಿಗೆ ಕೊಟ್ಟಿದ್ವಿ. ಪಾಪ, ಅದು ನಮ್ಮ ರೂಲನ್ನೇ ಕಂಡುಹಿಡಿದು ವಾಪಸ್ ಕೊಟ್ಟಿತ್ತು. ಇನ್ನೂ ನಗೆಪಾಟಲಿನ ವಿಷಯ ಅಂದ್ರೆ, ನಮ್ಮ ಶೀಟಿನಲ್ಲಿ ಹೆಚ್ಚುಕಮ್ಮಿ ತೊಂಬತ್ತು ಭಾಗ ಸಾಲುಗಳು 'ಇದೆ' ಅಂತಲೇ ಇದ್ದವು. ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ 'ಇದೆ' ಅಂದಿದ್ದರೂ ತೊಂಬತ್ತು ಬರ್ತಿತ್ತು. ಎರಡು ಪರ್ಸೆಂಟಿಗೆ ಎರಡು ರಾತ್ರಿ ನಿದ್ದೆಗೆಟ್ಟಿದ್ವಿ :)

ಇಷ್ಟೇ ಆಗಿದ್ದರೆ ಇಂಥ ಸಾವಿರ ಹ್ಯಾಕಥಾನ್ ಪ್ರಾಜೆಕ್ಟಿನ ಹಾಗೆ ಮರೆತುಬಿಡಬಹುದಿತ್ತು. ಮರೆಯೋಕಾಗಲಿಲ್ಲ. ಅದಕ್ಕೆ ನಮ್ಮೂರಿನ ಕಾರಣ ಇದೆ, ಆಮೇಲೆ ಹೇಳ್ತೀನಿ. ಮೊದಲು ಈ ಪಾಚಿ ಏನು ಅಂತ.

ಕೆರೆಯಲ್ಲಿ ಹಸಿರಾಗಿ ಕಾಣೋದೆಲ್ಲ ವಿಷ ಅಲ್ಲ. ಅಂತರಗಂಗೆ ಬೇರೆ, ಕಲ್ಲಿಗೆ ಅಂಟಿದ ನಾರಿನಂಥ ಪಾಚಿ ಬೇರೆ. ಇಲ್ಲಿ ಹೇಳ್ತಿರೋದು ನೀಲಿಹಸಿರು ಪಾಚಿ ಅಂತ ಕರೆಯೋ ಸಯನೋಬ್ಯಾಕ್ಟೀರಿಯಾ ಬಗ್ಗೆ. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ನೀರು ಬೆಚ್ಚಗಿದ್ದು, ಅಲ್ಲಾಡದೆ ನಿಂತು, ಅದರಲ್ಲಿ ರಂಜಕ ಮತ್ತು ಸಾರಜನಕ ಧಾರಾಳವಾಗಿದ್ದರೆ ಇವು ಕೆಲವೇ ದಿನಗಳಲ್ಲಿ ಹೆಚ್ಚಿಕೊಂಡು ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಾಣುತ್ತವೆ. ಇವುಗಳಲ್ಲಿ ಮೈಕ್ರೋಸಿಸ್ಟಿಸ್ ಅನ್ನೋದು ಒಂದು. ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿದ್ದು, ನೀರು ಶಾಂತವಾಗಿದ್ದರೆ ತೇಲಿ ಮೇಲೆ ಬರುತ್ತೆ. ಗಾಳಿ ಬೀಸಿದರೆ ಕೆನೆ ಸರಿದ ಹಾಗೆ ಒಂದು ದಡಕ್ಕೆ ಹೋಗಿ ಒಟ್ಟಾಗುತ್ತೆ. ಅದು ಮಾಡುವ ವಿಷದ ಹೆಸರು ಮೈಕ್ರೋಸಿಸ್ಟಿನ್. ಏಳು ಅಮೈನೋ ಆಮ್ಲ ಸೇರಿ ಆದ ಒಂದು ಬಳೆ. ನೇರ ಪಿತ್ತಜನಕಾಂಗಕ್ಕೆ, ಅಂದ್ರೆ ಲಿವರಿಗೆ ಹೊಡೆಯುತ್ತೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಬೆಂಗಳೂರಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, 12,000 ಲೀಟರಿನ ಒಂದು ಟ್ಯಾಂಕರಿಗೆ 12 ಮಿಲಿಗ್ರಾಂ. ಅರ್ಧ ಅಕ್ಕಿಕಾಳಿನಷ್ಟು.

ಇದು ಹೊಸ ವಿಷಯವೂ ಅಲ್ಲ. 1878ರಲ್ಲೇ ಜಾರ್ಜ್ ಫ್ರಾನ್ಸಿಸ್ ಅನ್ನೋರು ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಹಸಿರು ಕೆನೆ ಕುಡಿದು ಕುರಿ, ಕುದುರೆ, ದನ ಸತ್ತದ್ದನ್ನು 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. 1996ರಲ್ಲಿ ಬ್ರೆಜಿಲ್‌ನ ಕರುಆರು ಊರಿನ ಡಯಾಲಿಸಿಸ್ ಕೇಂದ್ರವೊಂದಕ್ಕೆ ಇಂಥ ನೀರು ಹೋಗಿ ಐವತ್ತಕ್ಕೂ ಹೆಚ್ಚು ರೋಗಿಗಳು ಸತ್ತರು.

ಈಗ ನಮ್ಮೂರು.

ನಮ್ಮೂರು ತಿಪಟೂರು ಕಡೆ. ಕೆರೆ ಏರಿ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ತೆಂಗಿನ ತೋಟ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆಯಲ್ಲಿ, ದೊಡ್ಡಪ್ಪನ ಎರಡು ಹಸು ಒಂದೇ ದಿನ ಸತ್ತವು. ಮಧ್ಯಾಹ್ನ ಕೆರೆಗೆ ನೀರಿಗೆ ಹೊಡೆದುಕೊಂಡು ಹೋಗಿದ್ದೇ ನಾನು. ನೀರು ಇಳಿದು ತೂಬಿನ ಹತ್ತಿರ ಒಂದು ಮೂಲೆಯಲ್ಲಿ ಮಾತ್ರ ನಿಂತಿತ್ತು. ದಡದಲ್ಲಿ ದಪ್ಪಗೆ ಹಸಿರು ಕೆನೆ. ಹಸು ಮೂತಿಯಲ್ಲಿ ಅದನ್ನು ಸರಿಸಿಕೊಂಡು ಕುಡಿದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಜೆ ಹೊತ್ತಿಗೆ ಒಂದು ಕಾಲು ಮಡಿಚಿ ಬಿತ್ತು, ರಾತ್ರಿ ಇನ್ನೊಂದು. ಡಾಕ್ಟರು ಮಾರನೇ ದಿನ ಬರುವಷ್ಟರಲ್ಲಿ ಹೂತಾಗಿತ್ತು.

ಊರಲ್ಲಿ ಕಾರಣ ಹುಡುಕೋಕೆ ಎಷ್ಟು ಹೊತ್ತು ಬೇಕು? ಕೆರೆ ಪಕ್ಕದ ತೋಟದವರಿಗೂ ನಮಗೂ ಬದು ವಿಷಯಕ್ಕೆ ಮೊದಲೇ ಸ್ವಲ್ಪ ಮುನಿಸಿತ್ತು. "ಅವ್ರೇ ಎಂಡ್ರಿನ್ ಹಾಕವ್ರೆ" ಅಂತ ಯಾರೋ ಅಂದರು. ಅಷ್ಟೇ. ಪಂಚಾಯ್ತಿ ಸೇರಿತು, ಅವರ ಮನೆ ಯಜಮಾನರು ದೇವಸ್ಥಾನದ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದರು, ದೊಡ್ಡಪ್ಪ ನಂಬಲಿಲ್ಲ. ಆವತ್ತಿನಿಂದ ಎರಡು ಮನೆಗೂ ಮಾತಿಲ್ಲ, ಕಥೆಯಿಲ್ಲ. ಮದುವೆಗೆ ಕರೆಯೋದಿಲ್ಲ, ಸಾವಿಗೆ ಹೋಗೋದಿಲ್ಲ. ಅವರ ಮನೆ ಹುಡುಗ ನನ್ನ ಬೆಂಚಿನವನು. ಒಂದೇ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗ್ತಿದ್ವಿ. ಮಾರನೇ ವಾರದಿಂದ ನಾನು ನಡೆದುಕೊಂಡು ಹೋದೆ.

ಹಸು ಪಾಚಿಯಿಂದಲೇ ಸತ್ತವು ಅಂತ ಇವತ್ತು ಯಾರೂ ಸಾಬೀತು ಮಾಡೋಕಾಗಲ್ಲ. ನಾನೂ ಹಾಗಂತ ಹೇಳ್ತಿಲ್ಲ. ಆದರೆ ಆ ಹ್ಯಾಕಥಾನ್‌ಗೆ ಅಂತ ಓದ್ತಾ ಇದ್ದಾಗ, ನೀರು ಇಳಿದ ಬೇಸಿಗೆ, ಗಾಳಿಗೆ ದಡಕ್ಕೆ ಒಟ್ಟಾದ ಕೆನೆ, ಅದನ್ನು ಕುಡಿದ ದನ, ಕೆಲವೇ ಗಂಟೆಯಲ್ಲಿ ಸಾವು ಅಂತ ಒಂದೊಂದೇ ಸಾಲು ಬರ್ತಿದ್ದ ಹಾಗೆ ಮೈ ಜುಂ ಅಂತು. ಆವತ್ತು ಯಾರಾದರೂ ಒಂದು ಬಾಟ್ಲಿ ನೀರು ತೆಗೆದಿಟ್ಟಿದ್ದರೆ ಸಾಕಿತ್ತು. 2020ರಲ್ಲಿ ಬೋಟ್ಸ್ವಾನಾದಲ್ಲಿ ಮುನ್ನೂರಕ್ಕೂ ಹೆಚ್ಚು ಆನೆಗಳು ಸತ್ತಾಗಲೂ ಮೊದಲು ಎದ್ದ ಅನುಮಾನಗಳಲ್ಲಿ ಬೇಟೆಗಾರರು, ವಿಷ ಎಲ್ಲ ಇದ್ದವು. ಕೊನೆಗೆ ಅಲ್ಲಿನ ಸರ್ಕಾರ ಕಾರಣ ಸಯನೋಬ್ಯಾಕ್ಟೀರಿಯಾ ಅಂತ ಹೇಳಿತು. ಆನೆ ಸತ್ತರೆ ಪರೀಕ್ಷೆ ಮಾಡ್ತಾರೆ. ನಮ್ಮೂರಿನ ಎರಡು ಹಸುವಿಗೆ ಯಾರು ಮಾಡ್ತಾರೆ?

ಆ ಹಿರಿಯರ ಪ್ರಶ್ನೆ ಆದಮೇಲೆ, ಸರಿ, ಇದನ್ನು ಸರಿಯಾಗಿ ಮಾಡಿದೋರು ಜಗತ್ತಿನಲ್ಲಿ ಯಾರಾದ್ರೂ ಇದಾರಾ ಅಂತ ಹುಡುಕೋಕೆ ಶುರು ಮಾಡಿದೆ. ಇಂಜಿನಿಯರಿಂಗ್ ಕಾಲದ ನನ್ನ ರೂಮ್‌ಮೇಟ್ ಒಬ್ಬ ಈಗ ಅಮೆರಿಕದ ಓಹಾಯೋ ರಾಜ್ಯದ ಟೊಲೆಡೊದಲ್ಲಿದ್ದಾನೆ. ಫೋನಿನಲ್ಲಿ ಹೇಳಿದಾಗ ನಕ್ಕ. "ಲೋ, ನಮ್ಮೂರಿಗಿಂತ ಬೇಕಾ? ಇಲ್ಲಿ ಆಗಸ್ಟ್ ಬಂತಂದ್ರೆ ಪಕ್ಕದ ಮನೆಯೋರು ನೀರಿನ ಬಾಟ್ಲಿ ಕೇಸುಗಟ್ಟಲೆ ತಂದಿಟ್ಕೋತಾರೆ" ಅಂದ.

ಟೊಲೆಡೊ ಊರು ನೀರು ಕುಡಿಯೋದು ಈರಿ ಸರೋವರದಿಂದ. ಸರೋವರ ಅಂದ್ರೆ ನಮ್ಮ ಲೆಕ್ಕಕ್ಕೆ ಸಮುದ್ರವೇ, 25,000 ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ಟೊಲೆಡೊ ಕಡೆಯ ಪಶ್ಚಿಮ ಭಾಗ ಮಾತ್ರ ಸರಾಸರಿ ಏಳೆಂಟು ಮೀಟರ್ ಆಳ, ಬೇಗ ಬೆಚ್ಚಗಾಗುತ್ತೆ. ಅಲ್ಲಿಗೇ ಮಾಮಿ ಅನ್ನೋ ನದಿ ಹೊಲಗಳ ನೀರನ್ನೆಲ್ಲ ತಂದು ಸುರಿಯುತ್ತೆ. 2014ರ ಆಗಸ್ಟ್ 2ರ ಬೆಳಗಿನ ಜಾವ ಊರಿಗೆಲ್ಲ ಸೂಚನೆ ಹೋಯ್ತು: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ. ಎರಡನೆಯದನ್ನು ಗಮನಿಸಿ. ನೀರು ಕೆಟ್ಟರೆ ಕುದಿಸಿ ಕುಡಿ ಅನ್ನೋದು ನಮ್ಮ ಅಜ್ಜಿ ಕಾಲದ ಮದ್ದು. ಮೈಕ್ರೋಸಿಸ್ಟಿನ್ ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಇನ್ನೂ ಗಟ್ಟಿಯಾಗುತ್ತೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ಎರಡು ದಿನ ನೀರಿಲ್ಲ. ಅಂಗಡಿಯ ಬಾಟ್ಲಿಗಳು ಗಂಟೆಗಳಲ್ಲಿ ಖಾಲಿ. ಆಗಸ್ಟ್ 4ರಂದು ಮೇಯರ್ ಕ್ಯಾಮೆರಾ ಮುಂದೆ ಒಂದು ಲೋಟ ನಲ್ಲಿ ನೀರು ಕುಡಿದು ತೋರಿಸಿ ನಿಷೇಧ ತೆಗೆದರು.

ಈ ಸರೋವರಕ್ಕೆ ಒಂದು ಹಳೇ ಚರಿತ್ರೆಯೂ ಇದೆ. 1960ರ ದಶಕದಲ್ಲಿ 'ಈರಿ ಸತ್ತಿತು' ಅಂತಲೇ ಪತ್ರಿಕೆಗಳು ಬರೀತಿದ್ದವು. ಅದಕ್ಕೆ ಸೇರುವ ಕಯಹೋಗ ನದಿಗೆ 1969ರಲ್ಲಿ ಬೆಂಕಿಯೇ ಬಿತ್ತು. (ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿದ್ದಾಗ ಜಗತ್ತಿನಲ್ಲಿ ನಾವೇ ಮೊದಲು ಅಂತ ಬೀಗಿದ್ವಲ್ಲ, ಅದೂ ಸುಳ್ಳು.) 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡವು, ಸೋಪಿನ ಪುಡಿಯಲ್ಲಿ ರಂಜಕ ಕಡಿಮೆ ಮಾಡಿದರು, ಕೊಳಚೆ ಶುದ್ಧೀಕರಣಕ್ಕೆ ದುಡ್ಡು ಹಾಕಿದರು. 80ರ ದಶಕದಲ್ಲಿ ನೀರು ಚೇತರಿಸಿಕೊಂಡಿತು. ಆಮೇಲೆ 90ರ ದಶಕದ ನಡುವಿನಿಂದ ಮತ್ತೆ ಹಸಿರು.

ಯಾಕೆ ಅಂತ ಹೇಳೋಕೆ ಅವರಿಗೆ ಸಾಧ್ಯವಾಗಿದ್ದು ಹೇಗೆ ಗೊತ್ತಾ? ಬಾಟ್ಲಿಗಳಿಂದ.

ಟಿಫಿನ್ ಅನ್ನೋ ಸಣ್ಣ ಊರಿನಲ್ಲಿ (ಹೆಸರು ನೋಡಿ!) ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಅಂತ ಒಂದಿದೆ. ಅದರ ಜಲಪ್ರಯೋಗಾಲಯದವರು 1970ರ ದಶಕದ ಮಧ್ಯದಿಂದ ಮಾಮಿ ನದಿಯ ನೀರನ್ನು ವಾಟರ್‌ವಿಲ್ ಹತ್ತಿರ ತೆಗೆದು ಅಳೀತಾ ಬಂದಿದ್ದಾರೆ. ತಿಂಗಳಿಗೊಮ್ಮೆ ಅಲ್ಲ. ದಿನಕ್ಕೆ ಮೂರು ಸಲ ತಾನೇ ನೀರು ತುಂಬಿಕೊಳ್ಳುವ ಯಂತ್ರ ಇಟ್ಟು, ಜೋರು ಮಳೆ ಬಂದ ದಿನ ಮೂರನ್ನೂ, ಉಳಿದ ದಿನ ಒಂದನ್ನು ಪರೀಕ್ಷೆ ಮಾಡ್ತಾರೆ. ಸುಮಾರು ಐವತ್ತು ವರ್ಷ! ಇದರಲ್ಲಿ ಒಂದು ಚೂರೂ ಗ್ಲಾಮರ್ ಇಲ್ಲ, ಯಾವ ಹ್ಯಾಕಥಾನಿನಲ್ಲೂ ಬಹುಮಾನ ಬರಲ್ಲ. ಆ ಉದ್ದದ ಸಾಲಿನಿಂದ ಕಂಡದ್ದು ಇದು: ಒಟ್ಟು ರಂಜಕ ಅಷ್ಟೇನೂ ಏರಿಲ್ಲ, ಆದರೆ ನೀರಿನಲ್ಲಿ ಕರಗಿದ ರಂಜಕ, ಪಾಚಿ ಬಾಯಿಗೆ ಸುಲಭವಾಗಿ ಸಿಗೋದು, 90ರ ದಶಕದ ನಡುವಿನಿಂದ ಏರಿದೆ. ಅದಕ್ಕೆ ಹೇಳೋ ಕಾರಣಗಳಲ್ಲಿ ಒಂದು ಕೇಳಿದರೆ ಬೇಜಾರಾಗುತ್ತೆ. ಮಣ್ಣು ಕೊಚ್ಚಿ ಹೋಗಬಾರದು ಅಂತ ರೈತರು ಉಳದೇ ಬಿತ್ತುವ ಪದ್ಧತಿಗೆ ಬಂದರು, ಒಳ್ಳೇದೇ. ಆದರೆ ಉಳದ ಹೊಲದಲ್ಲಿ ಮೇಲೆ ಚೆಲ್ಲಿದ ಗೊಬ್ಬರ ಮೇಲೇ ಉಳಿದು, ಮಳೆಗೆ ಕರಗಿ, ಹೊಲದಡಿಯ ಬಸಿಗೊಳವೆಗಳ ಮೂಲಕ ನೇರ ಹಳ್ಳಕ್ಕೆ ಇಳೀತು.

ಇನ್ನು ಮುನ್ಸೂಚನೆ. ಇದರ ಲೆಕ್ಕ ನೋಡಿ ನನಗೆ ನಾಚಿಕೆ ಆಯ್ತು. ಅಮೆರಿಕದ ನೋವಾ ಸಂಸ್ಥೆಯ ರಿಚರ್ಡ್ ಸ್ಟಂಫ್ ಮತ್ತು ಜೊತೆಯವರು 2002ರಿಂದ 2011ರವರೆಗಿನ ಉಪಗ್ರಹ ಚಿತ್ರಗಳಿಂದ ಪ್ರತಿ ವರ್ಷ ಎಷ್ಟು ಪಾಚಿ ಬಂತು ಅಂತ ಅಳೆದರು. ಪಕ್ಕದಲ್ಲಿ ಆ ವರ್ಷದ ವಸಂತದ ತಿಂಗಳುಗಳಲ್ಲಿ ಮಾಮಿ ನದಿ ತಂದ ನೀರು ಮತ್ತು ರಂಜಕ ಇಟ್ಟರು. ಎರಡೂ ತಾಳೆಯಾದವು. ಹೆಚ್ಚುಕಮ್ಮಿ ಅಷ್ಟೇ ಕಣ್ರೀ ಮಾಡೆಲ್ಲು. ಬೇಸಿಗೆಯಲ್ಲಿ ಪಾಚಿ ಎಷ್ಟು ಬರುತ್ತೆ ಅಂತ ಹೇಳೋಕೆ ಮಾರ್ಚಿಯಿಂದ ಜುಲೈವರೆಗೆ ನದಿಯಲ್ಲಿ ಏನು ಹರಿದು ಬಂತು ಅಂತ ಗೊತ್ತಿರಬೇಕು. ನಮ್ಮ ನ್ಯೂರಲ್ ನೆಟ್‌ವರ್ಕಿನಲ್ಲಿ ಹದಿನೆಂಟು ಇನ್‌ಪುಟ್ ಇತ್ತು. 2012ರಿಂದ ಅವರು ಪ್ರತಿ ಬೇಸಿಗೆ ಶುರುವಾಗುವಾಗ ಇದನ್ನು ಪ್ರಕಟಿಸ್ತಾರೆ. ಅಳತೆಗೋಲಿಗೆ 2011ರ ದೊಡ್ಡ ಪಾಚಿಯನ್ನು 10 ಅಂತ ಇಟ್ಟುಕೊಂಡಿದ್ದರು, 2015ರಲ್ಲಿ 10.5 ಬಂತು. ಮ್ಯಾಕ್ಸಿಮಮ್ ವ್ಯಾಲ್ಯೂ ಹಾರ್ಡ್‌ಕೋಡ್ ಮಾಡಬಾರದು ಅಂತ ಅವರಿಗೂ ಯಾರೂ ಹೇಳಿರಲಿಲ್ಲ ಕಾಣುತ್ತೆ :)

ಹಾಗಾದರೆ 2014ರಲ್ಲಿ ಮುನ್ಸೂಚನೆ ಇರಲಿಲ್ಲವಾ? ಇತ್ತು. ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಆ ಜುಲೈನಲ್ಲಿ ಅವರು ಹೇಳಿದ್ದು, ಪಾಚಿ ಗಣನೀಯವಾಗಿ ಬರುತ್ತೆ, ಆದರೆ ಹಿಂದಿನ ವರ್ಷಕ್ಕಿಂತ ಕಡಿಮೆ, 2011ಕ್ಕಿಂತ ಬಹಳ ಕಡಿಮೆ ಅಂತ. ಹೆಚ್ಚುಕಮ್ಮಿ ಹಾಗೇ ಆಯ್ತು. ಮುನ್ಸೂಚನೆ ಸರಿ ಇತ್ತು, ಆದರೂ ಊರಿನ ನಲ್ಲಿ ನಿಂತಿತು. ಯಾಕಂದ್ರೆ ಪಾಚಿ ಎಷ್ಟು ಅನ್ನೋದು ಒಂದು ಪ್ರಶ್ನೆ, ಅದು ಎಲ್ಲಿದೆ ಅನ್ನೋದು ಇನ್ನೊಂದು, ಅದರಲ್ಲಿ ವಿಷ ಎಷ್ಟು ಅನ್ನೋದು ಮೂರನೇದು. ಆ ವಾರ ಗಾಳಿ ಮತ್ತು ನೀರಿನ ಸೆಳೆತಕ್ಕೆ ಪಾಚಿ ಬಂದು, ದಡದಿಂದ ನಾಲ್ಕೈದು ಕಿಲೋಮೀಟರ್ ಒಳಗಿರುವ ಊರಿನ ನೀರೆತ್ತುವ ಜಾಗದ ಹತ್ತಿರವೇ ಒಟ್ಟಾಯ್ತು. ಅದೂ ಸಾಲದು ಅಂತ, ಪಾಚಿಗೇ ಒಂದು ವೈರಸ್ ತಗುಲಿ ಕೋಶಗಳು ಒಡೆದು, ಒಳಗಿದ್ದ ವಿಷ ನೀರಿಗೆ ಬಿಡುಗಡೆಯಾಗಿರಬಹುದು ಅಂತ 2017ರ ಒಂದು ಅಧ್ಯಯನ ಹೇಳುತ್ತೆ. ಕೋಶದೊಳಗಿನ ವಿಷವನ್ನು ಸೋಸಿ ತೆಗೀಬಹುದು, ನೀರಿನಲ್ಲಿ ಕರಗಿದ್ದನ್ನು ತೆಗೆಯೋದು ಕಷ್ಟ. ಅದಕ್ಕೇ ಈಗ ವರ್ಷದ ಮುನ್ಸೂಚನೆ ಬೇರೆ, ಮುಂದಿನ ಕೆಲವು ದಿನ ಪಾಚಿ ಯಾವ ಕಡೆ ಸರಿಯುತ್ತೆ ಅನ್ನೋ ಮುನ್ಸೂಚನೆ ಬೇರೆ. ಇಷ್ಟೆಲ್ಲಾ ಆದಮೇಲೂ ನೀರು ಕುಡೀಬಹುದಾ ಅಂತ ತೀರ್ಮಾನಿಸೋದು ಮಾತ್ರ ಬಾಟ್ಲಿಯಲ್ಲಿ ತೆಗೆದ ನೀರಿನ ಪರೀಕ್ಷೆಯೇ.

ಇಲ್ಲಿ ನನ್ನ ಅದೇ ರೂಮ್‌ಮೇಟ್ ಜೊತೆ ಜಗಳ ಆಯ್ತು. ಅವನ ವಾದ: "ಮುನ್ಸೂಚನೆಯಿಂದ ಏನು ಪ್ರಯೋಜನ? ರಂಜಕವನ್ನು 2025ರೊಳಗೆ ಶೇ. 40 ಇಳಿಸ್ತೀವಿ ಅಂತ ಮಾತು ಕೊಟ್ರು, ಇಳಿಸಲಿಲ್ಲ. ಪ್ರತಿ ವರ್ಷ ಇಷ್ಟು ವಿಷ ಬರುತ್ತೆ ಅಂತ ಚೆನ್ನಾಗಿ ಲೆಕ್ಕ ಹಾಕಿ ಹೇಳ್ತಾರೆ, ಬರುತ್ತೆ. ಆ ದುಡ್ಡನ್ನು ಪೈಪು ಸರಿ ಮಾಡೋಕೆ ಹಾಕಬಹುದಿತ್ತು."

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ತೀನಿ. ಬೆಂಗಳೂರಿನ ಮಟ್ಟಿಗೆ ಮುಕ್ಕಾಲು ಸತ್ಯ. ಕೊಳಚೆ ದಿನಾ ಬಂದು ಬೀಳೋ ಕೆರೆ ಹಸಿರಾಗುತ್ತೆ ಅಂತ ಹೇಳೋಕೆ ಉಪಗ್ರಹ ಬೇಕಿಲ್ಲ. ಆದರೆ ಅವನು ಒಂದು ಬಿಟ್ಟ. ಅಳತೆ ಇಲ್ಲದ ಕಡೆ ಜನ ಸುಮ್ಮನಿರಲ್ಲ, ಬೆರಳು ತೋರಿಸ್ತಾರೆ. ಈರಿಯ ಸುತ್ತಲೂ ಆಗಿದ್ದು ಅದೇ. ರೈತರು ಊರಿನ ಕೊಳಚೆ ಕಡೆ ತೋರಿಸ್ತಿದ್ದರು, ಊರಿನವರು ರೈತರ ಕಡೆ, ಎಲ್ಲರೂ ಸೇರಿ ಗಾಲ್ಫ್ ಹುಲ್ಲಿನ ಕಡೆ. ನದಿಯ ಲೆಕ್ಕ ಬಂದಮೇಲೆ ಮಾಮಿ ತರುವ ರಂಜಕದಲ್ಲಿ ಶೇ. 85ಕ್ಕೂ ಹೆಚ್ಚು ಹೊಲಗಳ ಗೊಬ್ಬರ ಮತ್ತು ಕೊಟ್ಟಿಗೆಯಿಂದ ಅಂತ ಗೊತ್ತಾಯ್ತು. 2019ರಲ್ಲಂತೂ ಪ್ರಕೃತಿಯೇ ಒಂದು ಪ್ರಯೋಗ ಮಾಡಿತು. ವಸಂತದಲ್ಲಿ ವಿಪರೀತ ಮಳೆ, ಎಷ್ಟೋ ಹೊಲಗಳಲ್ಲಿ ಬಿತ್ತನೆಯೇ ಆಗಲಿಲ್ಲ, ಗೊಬ್ಬರವೂ ಬೀಳಲಿಲ್ಲ. ನದಿಯಲ್ಲಿ ನೀರು ತುಂಬಿ ಹರಿದರೂ ಅದರ ಲೆಕ್ಕಕ್ಕೆ ಬರಬೇಕಾದಷ್ಟು ಕರಗಿದ ರಂಜಕ ಬರಲಿಲ್ಲ. ಬಾಟ್ಲಿ ಹಿಡಿದು ನಿಂತವರಿಲ್ಲದಿದ್ದರೆ ಇದು ಯಾರಿಗೂ ಕಾಣ್ತಿರಲಿಲ್ಲ. ಅವರು ರಂಜಕ ಇಳಿಸಲಿಲ್ಲ ಅನ್ನೋದು ಆಳುವವರ ಸೋಲು. ಆದರೆ 'ಇಳಿಸಲಿಲ್ಲ' ಅಂತ ಲೆಕ್ಕ ಇಟ್ಟು ಬೈಯೋಕಾದರೂ ಅವರಿಗೆ ಸಾಧ್ಯ ಇದೆ. ನಮಗೆ?

ಹಾಗಂತ ಈರಿಯ ಮಾಡೆಲ್ಲನ್ನು ತಂದು ಇಲ್ಲಿ ಅಂಟಿಸೋಕಾಗಲ್ಲ. ನಾವು ಹ್ಯಾಕಥಾನಿನಲ್ಲಿ ಮಾಡಿದ ಎರಡನೇ ತಪ್ಪು ಇದು. ಅಲ್ಲಿ ರಂಜಕ ಬರೋದು ವಸಂತದ ಮಳೆಗೆ. ಬೆಂಗಳೂರಿನ ಕೆರೆಗೆ ಮಳೆ ಇರಲಿ ಬಿಡಲಿ ದಿನಾ ಬರುತ್ತೆ, ಜೋರು ಮಳೆ ಬಂದರೆ ಉಲ್ಟಾ ತೊಳೆದು ಹೋಗಲೂಬಹುದು. ಕೋಲಾರದ ಕಡೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಹೋಗ್ತಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರಿನಲ್ಲಿ ರಂಜಕ, ಸಾರಜನಕ ಸಾಕಷ್ಟು ಉಳಿಯುತ್ತೆ. ಅಂತರ್ಜಲ ಏರಿತು ಅಂತ ಸಂತೋಷ ಪಡೋ ರೈತರ ಬಗ್ಗೆ ನನಗೆ ಗೌರವ ಇದೆ. ಆದರೆ ದನ ಕುಡಿಯೋದು ಬೋರ್‌ವೆಲ್ಲಿನಿಂದಲ್ಲ, ಕೆರೆ ದಡದಿಂದ.

ಉಪಗ್ರಹವೂ ಅಷ್ಟು ಸಲೀಸಲ್ಲ. ಈರಿಗೆ ಬಳಸಿದ ಮೆರಿಸ್ ಅನ್ನೋ ಕ್ಯಾಮೆರಾ, ಅದು 2012ರಲ್ಲಿ ನಿಂತಮೇಲೆ 2016ರಲ್ಲಿ ಬಂದ ಸೆಂಟಿನೆಲ್-3, ಎರಡಕ್ಕೂ ಒಂದು ಪಿಕ್ಸೆಲ್ ಅಂದ್ರೆ 300 ಮೀಟರ್. ಹಲಸೂರು ಕೆರೆ ಸುಮಾರು 50 ಹೆಕ್ಟೇರು, ಲೆಕ್ಕ ಹಾಕಿದರೆ ಐದಾರು ಪಿಕ್ಸೆಲ್, ಅದರಲ್ಲೂ ಬಹುಪಾಲು ದಡ ಸೇರಿದ್ದು. ನಮ್ಮೂರ ಕೆರೆ ಕೇಳಲೇಬೇಡಿ. ಹತ್ತಿಪ್ಪತ್ತು ಮೀಟರಿನ ಸೆಂಟಿನೆಲ್-2 ಇದೆಯಲ್ಲ ಅಂದ್ರೆ, ನೀಲಿಹಸಿರು ಪಾಚಿಯನ್ನು ಉಳಿದ ಹಸಿರಿನಿಂದ ಬೇರೆ ಮಾಡಿ ತೋರಿಸುವ 620 ನ್ಯಾನೋಮೀಟರಿನ ಪಟ್ಟಿ ಅದರಲ್ಲಿಲ್ಲ. ನಾವು ಅದನ್ನೇ ಬಳಸಿ, ಅಂತರಗಂಗೆಯನ್ನೂ ಪಾಚಿ ಅಂತ ಎಣಿಸಿದ್ವಿ.

ಹಾಗಾಗಿ ನನ್ನ ಈಗಿನ ಅಭಿಪ್ರಾಯ ಇಷ್ಟು, ನೀವು ಬೈದರೂ ಸರಿ: ನಮ್ಮ ಕೆರೆಗಳಿಗೆ ಇನ್ನು ಐದು ವರ್ಷ ಯಾವ ಎ.ಐ. ಆಪೂ ಬೇಡ. ಕೆರೆಗೊಂದು ನೋಟ್‌ಬುಕ್ ಬೇಕು. ಒಂದೇ ಜಾಗ, ಒಂದೇ ಹೊತ್ತು, ಒಂದು ಫೋಟೋ, ನೀರಿನ ಬಿಸಿ, ಗಾಳಿ ಯಾವ ಕಡೆ, ಮತ್ತು ಸೆಕ್ಕಿ ತಟ್ಟೆ ಎಷ್ಟು ಆಳಕ್ಕೆ ಕಾಣೆಯಾಯ್ತು ಅಂತ. ಈ ಸೆಕ್ಕಿ ತಟ್ಟೆ 1865ರಲ್ಲಿ ಇಟಲಿಯ ಪಾದ್ರಿಯೊಬ್ಬರು ಬಳಸಿದ್ದು. ಬಿಳಿ ತಟ್ಟೆಯನ್ನು ದಾರ ಕಟ್ಟಿ ನೀರಿಗಿಳಿಸೋದು, ಕಣ್ಣಿಗೆ ಕಾಣದ ಹಾಗಾದಾಗ ದಾರ ಅಳೆಯೋದು. ಹಸಿರು ಕೆನೆ ಕಂಡ ದಿನ ಒಂದು ಬಾಟ್ಲಿ ನೀರು ತೆಗೆದು ಲ್ಯಾಬಿಗೆ ಕಳಿಸೋಕೆ ಒಂದಷ್ಟು ದುಡ್ಡು. ಅಷ್ಟೇ. ದಾಖಲೆ ಇಲ್ಲದ ಕಡೆ ಮಾಡೆಲ್ ಕಟ್ಟೋದು ಅಂದ್ರೆ ಜಾತಕ ಇಲ್ಲದೆ ಮದುವೆ ಮುಹೂರ್ತ ಇಟ್ಟ ಹಾಗೆ. (ಜಾತಕದ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಅದಕ್ಕೆ ಬೇರೆ ಪೋಸ್ಟಿದೆ.)

ನಾನೂ ಶುರು ಮಾಡಿದ್ದೀನಿ. ಅಮ್ಮನ ಹಳೇ ಸ್ಟೀಲ್ ತಟ್ಟೆಗೆ ಬಿಳಿ ಪೇಂಟ್ ಬಳಿದು, ಮಧ್ಯೆ ತೂತು ಮಾಡಿ, ಭಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ. ಆ ಹಿರಿಯರ ಜೊತೆಯೇ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ. ಇವತ್ತಿಗೆ ಹದಿನಾಲ್ಕು ಸಾಲಾಯ್ತು. ಅತಿ ಕಡಿಮೆ ಬಂದದ್ದು ಹದಿನೆಂಟು ಸೆಂಟಿಮೀಟರ್. ಆವತ್ತು ವಾಸನೆಗೆ ಅವರು ಕರ್ಚೀಫು ಕಟ್ಟಿಕೊಂಡೇ ದಾರ ಹಿಡಿದಿದ್ದರು.

ಹೋದ ತಿಂಗಳು ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ, "ದೊಡ್ಡಪ್ಪ, ಆ ಹಸು ಸತ್ತಿದ್ದು ಯುಗಾದಿಗೆ ಮುಂಚೆನಾ, ಆಮೇಲಾ?"

"ಆಮೇಲೆ. ಹಬ್ಬ ಆಗಿ ಎಂಟು ದಿನಕ್ಕೆ. ಈಗ್ಯಾಕೋ ಅದು?"

"ಸುಮ್ನೆ."

ಅಷ್ಟಕ್ಕೇ ನಿಲ್ಲಿಸಿದೆ. ಅವರಿಗೆ ಎಪ್ಪತ್ತಾರು. ಹದಿನೈದು ವರ್ಷದ ಸಿಟ್ಟನ್ನು ಫೋನಿನಲ್ಲಿ ವಾಪಸ್ ಕೇಳೋ ಧೈರ್ಯ ನನಗಿರಲಿಲ್ಲ. ಸಂಕ್ರಾಂತಿಗೆ ಹೋದಾಗ ಎದುರು ಕೂತು ಹೇಳಬೇಕು. ಬೈಸಿಕೊಳ್ಳೋಕೆ ರೆಡಿ.

ಆದರೆ ಅದೇ ರಾತ್ರಿ ಊರಿನ ಗ್ರೂಪಿನಿಂದ ಕೆರೆ ಪಕ್ಕದ ಮನೆ ಹುಡುಗನ ನಂಬರ್ ತೆಗೆದು ಮೆಸೇಜ್ ಹಾಕಿದೆ. ಈಗ ಅವನೇ ತೋಟ ನೋಡಿಕೊಳ್ತಾನೆ. ಏನಂತ ಶುರು ಮಾಡೋದು ಗೊತ್ತಾಗದೆ ನೇರವಾಗಿ ಬರೆದೆ: 'ತೂಬಿನ ಹತ್ರ ನಿಂತು ವಾರಕ್ಕೊಂದು ಕೆರೆ ಫೋಟೋ ಕಳಿಸ್ತೀಯಾ? ಒಂದು ಕೆಲಸಕ್ಕೆ ಬೇಕು.' ಎರಡು ದಿನ ನೀಲಿ ಟಿಕ್ ಅಷ್ಟೇ. ಮೂರನೇ ದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ಫೋಟೋ ಬಂತು, ಒಂದು ಅಕ್ಷರವೂ ಇಲ್ಲ. ಕೆಂಪು ನೀರು, ದಡದಲ್ಲಿ ಎರಡು ಎಮ್ಮೆ, ಹಿಂದೆ ಅವರ ತೋಟದ ತೆಂಗು. ಪಾಚಿ ಇಲ್ಲ. ಶೀಟಿನಲ್ಲಿ ಹೊಸ ಟ್ಯಾಬ್ ತೆಗೆದು ಒಂದನೇ ಸಾಲಿಗೆ ಹಾಕಿದೀನಿ. ಆಮೇಲೆ ಇನ್ನೂ ಮೂರು ಬಂದಿವೆ.

ಚಿತ್ರದುರ್ಗ, ಹಾಸನ, ಕೋಲಾರ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ದೀರಾ? ನಿಮ್ಮೂರ ಕೆರೆಗೂ ಒಂದು ಟ್ಯಾಬ್ ಖಾಲಿ ಇದೆ. ತಟ್ಟೆಗೆ ಯಾವ ಪೇಂಟ್ ಬಳಿಯಬೇಕು, ದಾರದಲ್ಲಿ ಗಂಟು ಎಲ್ಲೆಲ್ಲಿ ಹಾಕಬೇಕು ಅನ್ನೋದನ್ನು ಮುಂದಿನ ಪೋಸ್ಟಿನಲ್ಲಿ ಫೋಟೋ ಸಮೇತ ಹಾಕ್ತೀನಿ. ನಾಲ್ಕು ತಿಂಗಳು ಕಾಯಿಸಲ್ಲ, ಆಣೆ.